ಎದುರು ಮನೆಗಿಂತ ಜಾಸ್ತಿ ಕಂದಾಯ

ಬೆಲೆ ಏರಿದಾಗೆಲ್ಲ ನಮ್ಮ ಬೀದಿಯಲ್ಲಿ ಯಾರಾದರೊಬ್ಬರ ಮಾನ ಹೋಗುತ್ತೆ. ಹೆಚ್ಚಿನ ಸಲ ಅದು ನನ್ನದೇ ಆಗಿರುತ್ತೆ.

ನಂಜನಗೂಡಿನಲ್ಲಿ ನಮ್ಮದೊಂದು ಮನೆ. ಎದುರು ಮನೆಯವನೂ ನಾನೂ ತಾಂಡ್ಯದ ಒಂದೇ ಫ್ಯಾಕ್ಟರಿಯಲ್ಲಿ, ಒಂದೇ ಶಿಫ್ಟಿನಲ್ಲಿ ದುಡಿಯೋರು. ಸಂಬಳ ಒಂದೇ, ಅದರಲ್ಲಿ ಕಟ್ಟಾಗೋದೂ ಒಂದೇ. ಗ್ಯಾಸು, ಹಾಲು, ಕರೆಂಟು, ಬಸ್ ಚಾರ್ಜು ಏರಿದರೆ ಇಬ್ಬರಿಗೂ ಏರುತ್ತೆ. ಆದರೆ ನಾನು ಮುಖ ಗಂಟು ಹಾಕ್ಕೊಂಡು ಓಡಾಡ್ತಿದ್ದರೆ ಅವನು ಮದುವೆ ಮನೆ ಯಜಮಾನನ ಹಂಗೆ ನಗ್ತಿರ್ತಾನೆ. ಬೆಲೆ ಏರಿದ್ದಕ್ಕೆ ನನಗೆ ಅಷ್ಟು ಸಂಕಟ ಇಲ್ಲ ಕಣ್ರೀ. ಅವನಿಗೆ ಸಂಕಟ ಆಗಲ್ವಲ್ಲ, ಅದಕ್ಕೇ ಹೊಟ್ಟೆ ಉರಿ.

ಇನ್ನೊಂದು ವಿಷಯ ಮೊದಲೇ ಹೇಳಿಬಿಡ್ತೀನಿ. ಮಹಡಿ ಮೇಲೆ ಒಂದು ರೂಮು ಕಟ್ಟಿಸಿ ಫ್ಯಾಕ್ಟರಿ ಹುಡುಗರಿಬ್ಬರಿಗೆ ಬಾಡಿಗೆಗೆ ಕೊಟ್ಟಿದ್ದೀವಿ. ಆ ಬಾಡಿಗೆಯಲ್ಲೇ ಮಗಳ ನರ್ಸಿಂಗ್ ಕಾಲೇಜಿನ ಫೀಸು ನಡೀಬೇಕು. ರೂಮು ಇನ್ನೂ ಮನೆ ಕಂದಾಯಕ್ಕೆ ಸೇರಿಲ್ಲ. ಸೇರಿತೋ, ಫೀಸಿಗೆ ಕಲ್ಲು ಬಿತ್ತು. ಎದುರು ಮನೆಯವನ ಮಹಡಿ ಮೇಲೂ ಅಂಥದ್ದೇ ರೂಮಿದೆ. ನಮ್ಮ ಬೀದಿಯಲ್ಲಿ ಯಾರೂ ಯಾರ ಮಹಡಿಯ ಮಾತನ್ನೂ ಎತ್ತಲ್ಲ.

ಟೊಮೆಟೊ ಗೊಜ್ಜು

ಟೊಮೆಟೊ ಬೆಲೆ ಮುಗಿಲು ಮುಟ್ಟಿದ್ದ ಕಾಲ. ಕ್ಯಾಂಟೀನಿನಲ್ಲಿ ಎಲ್ಲರ ಡಬ್ಬಿಯಲ್ಲೂ ಬರೀ ಹುಣಿಸೆಹುಳಿ ಸಾರು. ಎದುರು ಮನೆಯವನು ಡಬ್ಬಿ ತೆಗೆದರೆ ಕೆಂಪಗೆ ಟೊಮೆಟೊ ಗೊಜ್ಜು! ಟೇಬಲ್ಲಿಗೆ ಟೇಬಲ್ಲೇ ಕತ್ತು ಚಾಚಿತು.

"ಏನ್ಲಾ, ಲಾಟ್ರಿ ಹೊಡೀತಾ?" ಅಂದೆ.

"ಏ, ಮನೇಲಿ ಸುಮ್ಕೆ ಮಾಡವ್ಳೆ ಕಣ್ಲಾ," ಅಂತ ಬೆರಳು ನೆಕ್ಕಿದ.

ಮುಂದಿನ ಭಾನುವಾರ ತಲಕಾಡಿನಿಂದ ನನ್ನ ಬಾಮೈದ ತನ್ನ ಹೊಲದ ಟೊಮೆಟೊ ಒಂದು ಚೀಲ ಹೊತ್ತು ಬಂದ. "ರೀ, ಹಿತ್ತಲ ಕಡೆಯಿಂದ ಒಳಗೆ ತಗೊಂಡು ಬನ್ನಿ," ಅಂತ ಹೆಂಡತಿ ಬಡ್ಕೊಂಡಳು. ನಾನು ಕೇಳಬೇಕಲ್ಲ! ಚೀಲದ ಬಾಯಿ ಬಿಚ್ಚಿ, ಎದುರು ಮನೆ ಗೇಟಿನ ಮುಂದೇ ಇಳಿಸಿ, ಉಸ್ಸಪ್ಪಾ ಅಂತ ಬೆವರು ಒರೆಸ್ಕೊಂಡೆ.

ಎದುರು ಮನೆಯಾಕೆ ಹೊರಗೆ ಬಂದು, "ತವರಿನ ಟೊಮೆಟೊನಾ ಅಣ್ಣಾ?" ಅಂದರು. ತವರಿಂದ ಬಂದದ್ದನ್ನ ಅಕ್ಕಪಕ್ಕಕ್ಕೆ ಹಂಚದೆ ತಿನ್ನೋ ಪದ್ಧತಿ ನಮ್ಮಲ್ಲಿಲ್ಲ. ಕಣ್ಣು ಮುಚ್ಚಿ ತೆರೆಯೋದರೊಳಗೆ ಇಡೀ ಬೀದಿ ಪಾತ್ರೆ ಹಿಡ್ಕೊಂಡು ಬಂತು. ಚೀಲ ಮಾತ್ರ ನಮಗೆ ಉಳೀತು.

ಸೋಮವಾರ ಎದುರು ಮನೆಯವನ ಡಬ್ಬಿಯಲ್ಲಿ ಮತ್ತೆ ಗೊಜ್ಜು. "ತಗೋಳ್ಲಾ, ಪಾಪ, ಒಸಿ ರುಚಿ ನೋಡು," ಅಂತ ನಮ್ಮ ಟೊಮೆಟೊನೇ ನನಗೆ ಬಡಿಸಿದ.

ಇನ್ನೂ ಪೆಟ್ರೋಲಾ?

ಪೆಟ್ರೋಲ್ ಏರಿತು ಅಂತ ಅವನು ಬ್ಯಾಟರಿ ಸ್ಕೂಟರ್ ತಗೊಂಡ. ನಾನು ಬಂಕಿನಲ್ಲಿ ನಿಂತಿರೋದು ಕಂಡರೆ ಸಾಕು, ಹಾರ್ನ್ ಹೊಡೆದು, "ಇನ್ನೂ ಪೆಟ್ರೋಲಾ?" ಅಂತ ಕೂಗಿ ಹೋಗ್ತಿದ್ದ. ನಾನು ಹಾಕಿಸೋ ಪೆಟ್ರೋಲಾದರೂ ಎಷ್ಟು? ಟ್ಯಾಂಕಿನ ತಳ ಒದ್ದೆಯಾದರೆ ಹೆಚ್ಚು.

ಒಂದು ಸಂಜೆ ತಾಂಡ್ಯದಿಂದ ಬರ್ತಾ ನೋಡ್ತೀನಿ, ಅವನು ಸ್ಕೂಟರ್ ತಳ್ಳಿಕೊಂಡು ಹೋಗ್ತಿದ್ದಾನೆ. ಆಹಾ! ಪಕ್ಕದಲ್ಲೇ ನಿಧಾನ ಮಾಡಿ, "ಇನ್ನೂ ಬ್ಯಾಟ್ರೀನಾ?" ಅಂದೆ. ಅವನು ತಲೆ ತಗ್ಗಿಸಿ ತಳ್ತಾನೇ ಇದ್ದ. ಸ್ವಲ್ಪ ಮುಂದೆ ಹೋದೆ, ಮನಸ್ಸು ತಡೀಲಿಲ್ಲ. ತಿರುಗಿಸಿಕೊಂಡು ಬಂದು ಇನ್ನೊಂದು ಸಲ ಕೇಳಿದೆ. ಮತ್ತೆ ಮುಂದೆ ಹೋದಾಗ ಇನ್ನೂ ಚೆನ್ನಾಗಿರೋ ಮಾತೊಂದು ಹೊಳೀತು. ಅದನ್ನ ಹೇಳೋಕೆ ಅಂತ ತಿರುಗಿಸಿದೆ ನೋಡಿ, ಬೈಕು ಕೆಮ್ಮಿ ಕೆಮ್ಮಿ ನಿಂತೇಹೋಯ್ತು.

ಇಬ್ಬರೂ ಅಕ್ಕಪಕ್ಕದಲ್ಲೇ ಗಾಡಿ ತಳ್ಳಿಕೊಂಡು ಬೀದಿಗೆ ಬಂದೆವು. ಮೂಲೆ ಅಂಗಡಿ ಯಜಮಾನರು ನೋಡಿ, "ಇಬ್ರಿಗೂ ಒಂದೇ ಸಂಬಳ ಅಂತ ಕೇಳಿದ್ದೆ, ಇವತ್ತು ಕಣ್ಣಾರೆ ಕಂಡೆ," ಅಂದರು.

ಒಂದೇ ಮಾತು

ಎದುರು ಮನೆ ಸಿಲಿಂಡರು ನಮ್ಮದಕ್ಕಿಂತ ಜಾಸ್ತಿ ದಿನ ಬರುತ್ತೆ. ಯಾಕೆ ಅಂತ ತಲೆ ಕೆಡಿಸ್ಕೊಂಡು ಕೊನೆಗೂ ಪತ್ತೆ ಹಚ್ಚಿದೆ. ಭಾನುವಾರ ಬಂದರೆ ಅವರು ಸಂಸಾರ ಸಮೇತ ನೆಂಟರ ಮನೇಲಿ ಉಂಡು ಬರ್ತಾರೆ! ನಮಗೇನು ನೆಂಟರಿಲ್ವಾ? ಟಿ. ನರಸೀಪುರದಲ್ಲಿ ನನ್ನ ಷಡ್ಡಕ ಇದ್ದಾನೆ. ಹೊರಟೇಬಿಟ್ಟೆವು.

ಅಡುಗೆಮನೆಯಿಂದ ಕೋಳಿ ಸಾರಿನ ಘಮ. ಷಡ್ಡಕ, "ಊಟ ಮಾಡ್ಕಂಡೇ ಓಗ್ಬೇಕು," ಅಂದ. ಮೊದಲನೇ ಸಲಕ್ಕೇ ಒಪ್ಪಿದರೆ ಮರ್ಯಾದೆ ಇರುತ್ತಾ? ಮೂರು ಸಲ ಹೇಳಿಸ್ಕೊಂಡೇ ಕೂರಬೇಕು. "ಅಯ್ಯೋ ಬ್ಯಾಡಪ್ಪ, ಈಗ ತಾನೆ ತಿಂದ್ಕಂಡ್ ಬಂದೋ," ಅಂದೆ.

"ಅಂಗಾರೆ ಸರಿ," ಅಂದ.

ಅಷ್ಟೇ! ಎರಡನೇ ಸಲ ಹೇಳ್ತಾನೆ ಅಂತ ಕಾದೆ. ಕೆಮ್ಮಿದೆ. "ಹೊಟ್ಟೆ ಯಾಕೋ ಚುರುಗುಟ್ತಾ ಇದೆ," ಅಂದೆ. "ಗ್ಯಾಸ್ಟ್ರಿಕ್ ಇರ್ಬೇಕು, ನೀರು ಕುಡಿ," ಅಂದ ಪುಣ್ಯಾತ್ಮ. ಕೋಳಿ ಬೆಲೆ ಅವನ ಬಾಯಿ ಕಟ್ಟಿಹಾಕಿತ್ತು.

ಬಸ್ ಸ್ಟ್ಯಾಂಡಿನ ಹೋಟೆಲಿಗೆ ಬಂದೆವು. ಸಪ್ಲೈಯರು, "ಊಟಾನಾ ಸಾ?" ಅಂದ. ಒಂದೇ ಸಲಕ್ಕೆ ಹೂಂ ಅಂದೆ.

ಟೇಪಿನ ತುದಿ

ಮನೆ ಮನೆಗೆ ಬಂದು ಅಳೀತಾರಂತೆ, ಕಂದಾಯ ಏರಿಸ್ತಾರಂತೆ ಅನ್ನೋ ಸುದ್ದಿ ಬಂದದ್ದೇ ತಡ, ಬೀದಿಗೆ ಬೀದಿಯೇ ಬಡವಾಯ್ತು. ಒಬ್ಬರು ಕಾರಿಗೆ ಟಾರ್ಪಾಲು ಹೊದಿಸಿದರು. ಇನ್ನೊಬ್ಬರು ಗ್ರಾನೈಟ್ ಮೆಟ್ಟಿಲ ಮೇಲೆ ಗೋಣಿಚೀಲ ಹಾಸಿದರು. ನಾನು ಬಾಡಿಗೆ ಹುಡುಗರನ್ನ ಊರಿಗೆ ಕಳಿಸಿ, ರೂಮಿನ ಬಾಗಿಲಿಗೆ ತಗಡು ಒರಗಿಸಿ, ಮುಂದೆ ತೆಂಗಿನಗರಿ ಪೇರಿಸಿದೆ. "ಮೇಲೇನಿದೆ ಅಂದರೆ ಸೌದೆ ಅನ್ನು. ಇನ್ನೊಂದು ಮಾತು ಆಡಬೇಡ, ಮಗಳ ಫೀಸು ನೆನಪಿರಲಿ," ಅಂತ ಹೆಂಡತಿಗೆ ವಾರವೆಲ್ಲ ಪಾಠ ಮಾಡಿದೆ.

ಕಂದಾಯದವರು ಮೊದಲು ಎದುರು ಮನೆಗೆ ಹೋದರು. ಅವನು ಕೈ ಮುಗಿದು, "ನಮ್ದೇನೈತೆ ಸಾ, ಗುಡ್ಲು ಇದ್ದಂಗೆ. ಮ್ಯಾಲೆ ಪಾರಿವಾಳ ಸಾಕಿವ್ನಿ," ಅಂದ. ಅವರು ಬರ್ಕೊಂಡು ನಮ್ಮ ಜಗಲಿಗೆ ಬಂದು ಕೂತರು. ಹೆಂಡತಿ ಮಜ್ಜಿಗೆ ಕೊಟ್ಟಳು.

"ಮೇಲೇನಿದೆಯಮ್ಮ?"

"ಸೌದೆ ಸಾರ್," ಅಂದಳು, ರೆಪ್ಪೆ ಕೂಡ ಅಲುಗಿಸದೆ. ಹೆಂಡತಿ ಅಂದರೆ ಇವಳಪ್ಪಾ ಅಂದ್ಕೊಂಡೆ. ಅವರು ಮಜ್ಜಿಗೆ ಕುಡಿದು, ಟೇಪು ಸುತ್ತಿ, ಚಪ್ಪಲಿ ಮೆಟ್ಕೊಂಡು, ಸುಮ್ಮನೆ ಮಾತಿಗೆ ಅಂದರು: "ಏನೇ ಹೇಳಿ, ಈ ಬೀದಿಗೆಲ್ಲ ಎದುರು ಮನೆಯೇ ದೊಡ್ಡದು. ನಿಮ್ಮದು ಪಾಪ, ಚಿಕ್ಕ ಮನೆ."

ಪಾಪ ಅಂದುಬಿಟ್ಟರಲ್ಲ! ಮೈಯೆಲ್ಲ ಬೆಂಕಿ ಹತ್ಕೊಂಡಂಗಾಯ್ತು. "ಯಾವುದು ಸಾರ್ ಚಿಕ್ಕದು? ಅದು ಹೊರಗಿಂದ ಕಾಣೋದಷ್ಟೇ. ಬನ್ನಿ ಮೇಲೆ! ಆರ್‌ಸಿಸಿ ರೂಮು, ಬಾತ್‌ರೂಮು ಬೇರೆ ಅಟ್ಯಾಚು!" ಅಂತ ಕೈ ಹಿಡಿದು ಮೆಟ್ಟಿಲು ಹತ್ತಿಸಿದೆ. ಗರಿ ನಾನೇ ಸರಿಸಿದೆ, ತಗಡೂ ನಾನೇ ಎತ್ತಿದೆ. ಟೇಪಿನ ಆ ತುದಿ ಹಿಡ್ಕೊಳ್ಳಿ ಅಂದರು. ಅದನ್ನೂ ಹಿಡ್ಕೊಂಡೆ.

ಕೆಳಗಿಳಿದು ಬಂದಾಗ ಹೆಂಡತಿ ಒಂದೇ ಮಾತು ಕೇಳಿದಳು: "ಸೌದೆ ಚೆನ್ನಾಗಿದೆಯಂತಾ?"

ಕಂದಾಯ ಏರಿತು. ಮಗಳ ಫೀಸಿಗೆ ನಾನು ಓವರ್‌ಟೈಮ್ ಹಿಡಿದೆ. ಆದರೆ ಒಂದು ಸಮಾಧಾನ. "ಬೀದಿಗೆಲ್ಲ ದೊಡ್ಡ ಮನೆ ಅವರದೇ ಅಂತೆ, ಕಂದಾಯದೋರೇ ಬರ್ಕಂಡವ್ರೆ," ಅಂತ ನಮ್ಮ ಮನೆ ತೋರಿಸಿ ಊರು ಮಾತಾಡ್ತು. ಎದುರು ಮನೆಯವನ ನಗು ನಿಂತುಹೋಯ್ತು. ಡಬ್ಬಿ ಕೂಡ ಸರಿಯಾಗಿ ಉಣ್ತಿರಲಿಲ್ಲ. ನಾನು ಸೊಂಟ ಹಿಡ್ಕೊಂಡೇ ಹಲ್ಲು ಕಿರೀತಿದ್ದೆ.

ಒಂದು ದಿನ ಅವನು ಡ್ಯೂಟಿಗೆ ಬರಲಿಲ್ಲ. ಎಲ್ಲಿಗೆ ಹೋಗಿದ್ದ ಅಂತೀರಿ? ಕಂದಾಯದ ಆಫೀಸಿಗೆ! "ನಮ್ಮನೆನ ಸರಿಯಾಗಿ ಅಳ್ದಿಲ್ಲ ಸಾ. ಮ್ಯಾಲಿರೋದು ಪಾರಿವಾಳ ಅಲ್ಲ, ರೂಮು. ಇನ್ನೊಂದ್ಸಲ ಬಂದು ಅಳೀರಿ," ಅಂತ ಜಗಳ ತೆಗೆದು ಅಳೆಸಿದನಂತೆ. ಆಮೇಲೆ ಕಂದಾಯ ಕಟ್ಟಿದ ರಸೀದಿ ತಂದು ಕ್ಯಾಂಟೀನ್ ಟೇಬಲ್ ಮೇಲೆ ಹರಡಿದ. ನನಗಿಂತ ಜಾಸ್ತಿ! ನಗು ವಾಪಸ್ ಬಂದಿತ್ತು. ಅದೇ ನಗುಮುಖದಲ್ಲಿ ಹೋಗಿ ಅವನೂ ಓವರ್‌ಟೈಮಿಗೆ ಹೆಸರು ಕೊಟ್ಟ. ಈಗ ಇಬ್ಬರೂ ಅಕ್ಕಪಕ್ಕದ ಮೆಷಿನ್ನಿನಲ್ಲಿ ನಿಂತು ಬೆವರು ಸುರಿಸ್ತಿದ್ದೀವಿ.

ಆ ರಸೀದಿ ಕಂಡ ದಿನ ರಾತ್ರಿಯೆಲ್ಲ ಜಗಲಿಯಲ್ಲಿ ಶತಪಥ ಹಾಕಿದೆ. ಬೆಳಗ್ಗೆ ಹೆಂಡತಿ ಕಾಫಿ ತಂದಿಟ್ಟು, "ಇನ್ನೂ ಅದನ್ನೇ ಯೋಚಿಸ್ತಿದ್ದೀರಾ?" ಅಂದಳು.

"ಅಲ್ಲ ಕಣೇ," ಅಂದೆ, "ನಮ್ಮ ಹಿತ್ತಲ ಬಚ್ಚಲುಮನೆ ಅಳೀದೆ ಬಿಟ್ಟಿದ್ದಾರೆ."