ಉಪ್ಪಿನಜ್ಜನ ಮೂಗು

ರಾಜಗೋಪಾಲ ಹೊಸ ಬಿ.ಪಿ. ಮೆಷಿನ್ನು ಕೊಳ್ಳದೇ ಹೋಗಿದ್ದರೆ ಡಾಕ್ಟರ್ ಪಂಚಾಕ್ಷರಿಗೆ ಇಷ್ಟೆಲ್ಲ ಆಗುತ್ತಿರಲಿಲ್ಲ. ರಾಜಗೋಪಾಲ ಅಡಿಲೇಡಿನಲ್ಲಿ ಚರ್ಮರೋಗದ ಡಾಕ್ಟರು. ಹತ್ತು ವರ್ಷದಿಂದ ಕಜ್ಜಿ, ತುರಿಕೆ ಬಿಟ್ಟು ಬೇರೇನನ್ನೂ ಮುಟ್ಟಿದವನಲ್ಲ. ೧೯೮೨ರ ಯುಗಾದಿಯ ದಿನ ತನ್ನ ಮನೆಗೆ ಊಟಕ್ಕೆ ಬಂದವರ ತೋಳಿಗೆಲ್ಲ ಪಟ್ಟಿ ಸುತ್ತಿ ಬುಸ್‌ಬುಸ್ ಎಂದು ಗಾಳಿ ಒತ್ತಿದ. ಪಂಚಾಕ್ಷರಿಯ ಸರದಿ ಬಂದಾಗ ಹುಬ್ಬು ಹಾರಿಸಿ, "ನೂರ ಎಪ್ಪತ್ತು! ಲೋ, ಇವತ್ತಿಂದಾನೇ ಉಪ್ಪು ಬಿಡೋ!" ಎಂದ.

ಅದು ಪಂಚಾಕ್ಷರಿಯ ಕಿವಿಗೆ ಬೀಳುವ ಮೊದಲೇ ಅವನ ಹೆಂಡತಿ ನಾಗವೇಣಿಯ ಕಿವಿಗೆ ಬಿತ್ತು. ಮಾರನೆಯ ದಿನದಿಂದ ಮನೆಯಲ್ಲಿ ಉಪ್ಪಿನ ಡಬ್ಬಿಯೇ ಮಾಯ. ಸಾರು ಎಂದರೆ ಅರಿಸಿನ ಹಚ್ಚಿಕೊಂಡ ಬಿಸಿನೀರು. ಉಪ್ಪಿಟ್ಟು ಎಂದರೆ ಬರೀ 'ಇಟ್ಟು.' ಉಪ್ಪಿಗಿಂತ ರುಚಿಯಿಲ್ಲ ಎಂದು ಹಿರಿಯರು ಹೇಳಿದ್ದು ಎಷ್ಟು ನಿಜ ಎಂದು ಪಂಚಾಕ್ಷರಿಗೆ ನಲವತ್ತೆಂಟನೆಯ ವಯಸ್ಸಿನಲ್ಲಿ ಅರ್ಥವಾಯಿತು.

ಅವನೇನು ಬಿ.ಪಿ. ಗೊತ್ತಿಲ್ಲದವನೇ? ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್ನಿಗೆ ಬಂದವರಿಗೆ ಅರಿವಳಿಕೆ ಕೊಡುವ ಡಾಕ್ಟರು. ದಿನಕ್ಕೆ ಇಪ್ಪತ್ತು ಬಾರಿ ಬಿ.ಪಿ. ನೋಡುವವನು. ತನ್ನದನ್ನೂ ನೋಡಿಕೊಂಡ, ಸರಿಯಾಗಿಯೇ ಇತ್ತು. ಚೀಟಿಯಲ್ಲಿ ಬರೆದು ತಂದು ಹೆಂಡತಿಗೆ ತೋರಿಸಿದ.

"ನಿಮ್ಮ ಬಿ.ಪಿ. ನೀವೇ ನೋಡ್ಕೊಂಡ್ರಾ? ಪರೀಕ್ಷೇಲಿ ತನ್ನ ಪೇಪರ್ ತಾನೇ ತಿದ್ದಿ ಫಸ್ಟ್ ಕ್ಲಾಸ್ ಬಂದೆ ಅಂದ್ರೆ ಯಾರ್ರೀ ನಂಬ್ತಾರೆ?" ಎಂದಳು ನಾಗವೇಣಿ.

ಅದರ ಮೇಲೆ ರಾಜಗೋಪಾಲನ ಹೆಂಡತಿ ಜಯಮಾಲಾಳ ಗೂಢಚರ್ಯೆ ಬೇರೆ. ಎರಡು ಬೀದಿ ಆಚೆ ಮನೆ. ಕಣ್ಣು ಮಾತ್ರ ಊರೆಲ್ಲ. "ವೇಣಿ, ಹೇಳ್ಬಾರ್ದು, ಆದ್ರೂ ಹೇಳ್ತೀನಿ. ನಿನ್ನೆ ಮಧ್ಯಾಹ್ನ ಮೂರು ಗಂಟೆಗೆ ನಿಮ್ಮೆಜಮಾನ್ರು ಪೆಟ್ರೋಲ್ ಬಂಕ್ ಹತ್ರ ನಿಂತ್ಕೊಂಡು ಖಾಲಿ ಚಿಪ್ಸ್ ಪ್ಯಾಕೆಟ್ ವಾಸನೆ ನೋಡ್ತಾ ಇದ್ರು" ಎಂದು ಫೋನು ಮಾಡಿದಳು. ಅಂದಿನಿಂದ ಪಂಚಾಕ್ಷರಿ ಮನೆಗೆ ಬಂದ ಕೂಡಲೇ ನಾಗವೇಣಿ ಕೋಟು, ಪ್ಯಾಂಟುಗಳ ಜೇಬನ್ನೆಲ್ಲ ತಡಕತೊಡಗಿದಳು.

ಹೀಗೆ ಮೂರು ತಿಂಗಳು ಕಳೆದ ಮೇಲೆ ಒಂದು ಭಾನುವಾರ ಆ ಜಯಮಾಲಾಳೇ ಪಿಕ್ನಿಕ್ ಹೊರಡಿಸಿದಳು. ಅಡಿಲೇಡಿನಿಂದ ಎರಡು ಗಂಟೆ ದೂರದ ಪೋರ್ಟ್ ಹ್ಯಾನ್ಲನ್ ಎಂಬ ಸಮುದ್ರದಂಡೆಯ ಸಣ್ಣ ಊರು. ಅಲ್ಲಿ ಮರ್ವ್ ಎಂಬ ಮುದುಕ ತನ್ನ ಉಪ್ಪಿನಗದ್ದೆಯ ಪಕ್ಕದಲ್ಲಿ ಒಂದು ಮನೆ ಕಟ್ಟಿ ಟಿಕೆಟ್ ಇಟ್ಟಿದ್ದ. ಗೋಡೆ ಉಪ್ಪು, ಕುರ್ಚಿ ಉಪ್ಪು, ಮಂಚ ಉಪ್ಪು.

"ಪಂಚಣ್ಣನ್ನ ಅಲ್ಲಿಗೆ ಕರ್ಕೊಂಡ್ ಹೋಗೋದಾ?" ಎಂದು ರಾಜಗೋಪಾಲನೇ ಅನುಮಾನಿಸಿದ. "ಕುಡುಕನ್ನ ಹೆಂಡದಂಗಡಿ ನೋಡೋಕೆ ಕರ್ಕೊಂಡ್ ಹೋದ ಹಾಗಾಗುತ್ತೆ ಕಣೇ."

"ನಾವಿಲ್ವಾ ನೋಡ್ಕೊಳ್ಳೋಕೆ?" ಎಂದಳು ಜಯಮಾಲಾ.

ಪಂಚಾಕ್ಷರಿ ಹೊರಡುವ ಮುಂಚೆ ಫ್ರಿಜ್ಜಿನಿಂದ ಒಂದು ಎಳೆ ಸೌತೆಕಾಯಿ ತೆಗೆದು ಕೋಟಿನ ಒಳಜೇಬಿಗೆ ಸೇರಿಸಿದ. ಸೌತೆಕಾಯಿ ತಿನ್ನಬೇಡ ಎಂದು ಯಾವ ಡಾಕ್ಟರೂ ಹೇಳಿರಲಿಲ್ಲ.

ಉಪ್ಪಿನ ಮನೆ ಬಿಸಿಲಿಗೆ ಮದುವೆಮನೆಯಂತೆ ಹೊಳೆಯುತ್ತಿತ್ತು. ಬಾಗಿಲಲ್ಲೇ ಬೋರ್ಡು: ದಯವಿಟ್ಟು ಗೋಡೆ ನೆಕ್ಕಬೇಡಿ. ಒಳಗೆ ಹೋದ ಕೂಡಲೇ ಪಂಚಾಕ್ಷರಿಯ ಬಾಯಲ್ಲಿ ಬಚ್ಚಲ ನಲ್ಲಿ ಬಿಟ್ಟ ಹಾಗೆ ನೀರು. ಎಡಕ್ಕೆ ನಾಗವೇಣಿ, ಬಲಕ್ಕೆ ಜಯಮಾಲಾ, ಹಿಂದೆ ರಾಜಗೋಪಾಲ. ಕೈದಿಯನ್ನು ಕೋರ್ಟಿಗೆ ಕರೆದೊಯ್ಯುವ ಪೊಲೀಸರಂತೆ ಮೂವರೂ ಅವನನ್ನು ನಡೆಸಿಕೊಂಡು ಹೋದರು.

ಕೊನೆಯ ಕೋಣೆಯಲ್ಲಿ ಉಪ್ಪಿನ ಕುರ್ಚಿಯ ಮೇಲೆ ಆಳೆತ್ತರದ ಉಪ್ಪಿನ ಮುದುಕನೊಬ್ಬ ಕೂತಿದ್ದ. "ಇವರು ನಮ್ಮಜ್ಜ, ಕ್ಯಾಪ್ಟನ್. ಈ ಗದ್ದೆ ಮಾಡಿದ್ದು ಇವರೇ" ಎಂದು ಮರ್ವ್ ಟೋಪಿ ತೆಗೆದು ಹೇಳಿದ. "ಬನ್ನಿ, ಹಿತ್ತಲಲ್ಲಿ ಉಪ್ಪಿನ ಗುಡ್ಡ ತೋರಿಸ್ತೀನಿ."

"ಗುಡ್ಡ ಹತ್ತೋಕೆ ನನಗಾಗಲ್ಲ, ಬಿ.ಪಿ. ಇದೆಯಲ್ಲ" ಎಂದ ಪಂಚಾಕ್ಷರಿ ಬಹಳ ವಿನಯದಿಂದ.

"ಇಲ್ಲೇ ಇರಿ. ಕೈ ಕಟ್ಕೊಂಡ್ ನಿಂತಿರಿ" ಎಂದು ಹೇಳಿ ನಾಗವೇಣಿ ಹೊರಟಳು.

ಹೆಜ್ಜೆ ಸಪ್ಪಳ ದೂರವಾದದ್ದೇ ತಡ, ಸೌತೆಕಾಯಿ ಹೊರಬಂತು. ಎಲ್ಲಿ ಉಜ್ಜುವುದು? ಗೋಡೆ ತುಂಬ ಜನರ ಕೈ ಗುರುತು. ಕ್ಯಾಪ್ಟನ್ನನ ಗಡ್ಡದಲ್ಲಿ ಧೂಳು. ಮೂಗು ಮಾತ್ರ ಹೊಸದರಂತೆ ಬೆಳ್ಳಗೆ ಹೊಳೆಯುತ್ತಿತ್ತು. "ಅಜ್ಜಾ, ತಪ್ಪು ತಿಳ್ಕೋಬೇಡಿ" ಎಂದು ಪಂಚಾಕ್ಷರಿ ಸೌತೆಕಾಯಿಯನ್ನು ಮೂಗಿಗೆ ನಯವಾಗಿ ಉಜ್ಜಿ ಒಂದು ಕಡಿತ ಕಡಿದ. ಆಹಾ! ಕಣ್ಣು ತಾನಾಗಿ ಮುಚ್ಚಿತು. ಮೈಯೆಲ್ಲ ಜುಮ್ಮೆಂದಿತು. ಎರಡನೆಯ ಸಲ ಸ್ವಲ್ಪ ಜೋರಾಗಿ ಉಜ್ಜಿದ.

ಟಕ್.

ಅಡಿಕೆ ಗಾತ್ರದ ಮೂಗಿನ ತುದಿ ಅಂಗೈಗೆ ಬಂದು ಕೂತಿತ್ತು. ಅದೇ ಹೊತ್ತಿಗೆ ಹೊರಗಡೆ ಜಯಮಾಲಾಳ ದನಿ: "ಪಂಚಣ್ಣ ಒಬ್ರೇ ಇದ್ದಾರೆ, ನಾನು ನೋಡ್ಕೊಂಡ್ ಬರ್ತೀನಿ."

ಜೇಬಿಗೆ ಹಾಕೋಣವೆಂದರೆ ಸಂಜೆ ತಪಾಸಣೆ ಖಚಿತ. ನೆಲಕ್ಕೆ ಹಾಕಿದರೆ ಕಾಣುತ್ತದೆ. ಯೋಚನೆಗೆ ಹೊತ್ತಿರಲಿಲ್ಲ. ಅರ್ಧ ಸೌತೆಕಾಯಿಯನ್ನು ಕ್ಯಾಪ್ಟನ್ನನ ಕೈಗೆ ಸಿಕ್ಕಿಸಿ, ಮೂಗನ್ನು ಬಾಯಿಗೆ ಹಾಕಿಕೊಂಡು ಕೈ ಕಟ್ಟಿ ನಿಂತ.

ಜಯಮಾಲಾ ಬಂದಳು. ಕ್ಯಾಪ್ಟನ್ನನನ್ನು ನೋಡಿದಳು. ಕಿಟಾರೆಂದು ಕಿರುಚಿದಳು. ಎಲ್ಲರೂ ಓಡಿ ಬಂದರು.

"ಯಾರು ನಮ್ಮಜ್ಜನ ಮೂಗು ಕಿತ್ಕೊಂಡು ಸೌತೆಕಾಯಿ ಕೊಟ್ಟೋರು?" ಎಂದು ಮರ್ವ್ ಗುಡುಗಿದ.

ಎಲ್ಲರೂ ಪಂಚಾಕ್ಷರಿಯ ಕಡೆ ತಿರುಗಿದರು. "ಏನ್ರೀ ಇದು?" ಎಂದಳು ನಾಗವೇಣಿ.

"ಉಂ... ಹ್ಹು... ಹೂಂ" ಎಂದ ಪಂಚಾಕ್ಷರಿ.

"ಸರಿಯಾಗಿ ಮಾತಾಡ್ರೀ."

"ಹ್ಹೂ... ಗ್ಗೂ..."

ರಾಜಗೋಪಾಲನ ಮುಖ ಬಿಳಿಚಿತು. ಇಪ್ಪತ್ತು ವರ್ಷದ ಹಿಂದೆ ಮೈಸೂರಿನ ಮೆಡಿಕಲ್ ಕಾಲೇಜಿನಲ್ಲಿ ಓದಿದ್ದು ಒಮ್ಮೆಲೇ ನೆನಪಾಗಿಬಿಟ್ಟಿತು. "ಮಾತು ಬಿದ್ದೋಗಿದೆ! ಪಂಚಾಕ್ಷರಿ, ಎಲ್ಲಿ, ನಗು ನೋಡೋಣ!"

ಪಂಚಾಕ್ಷರಿ ನಕ್ಕ. ಎಡಗೆನ್ನೆಯಲ್ಲಿ ಕ್ಯಾಪ್ಟನ್ನನ ಮೂಗಿತ್ತು. ಹಾಗಾಗಿ ಬಲಗೆನ್ನೆ ಮಾತ್ರ ನಕ್ಕಿತು.

"ಸ್ಟ್ರೋಕ್! ಸ್ಟ್ರೋಕ್ ಹೊಡೆದಿದೆ! ಬಾಯಿ ಸೊಟ್ಟಗಾಗಿದೆ!" ಎಂದು ರಾಜಗೋಪಾಲ ಕೂಗಿದ. ನಾಗವೇಣಿ ಗೊಳೋ ಎಂದು ಅಳತೊಡಗಿದಳು. "ನಾನು ಅವತ್ತೇ ಹೇಳ್ದೆ, ಇವರ ಬಿ.ಪಿ. ಸರಿಯಿಲ್ಲ ಅಂತ" ಎಂದಳು ಜಯಮಾಲಾ. ಅವಳು ಯಾವತ್ತೂ ಹಾಗೆ ಹೇಳಿರಲಿಲ್ಲ.

ಮರ್ವ್ ಬಾಯಿ ಒರಟಾದರೂ ಮನಸ್ಸು ಒಳ್ಳೆಯದು. ಮೂಗಿನ ವಿಷಯ ಬಿಟ್ಟು ಯೂಟ್ ಎಂಬ ತನ್ನ ಪುಟ್ಟ ಲಾರಿ ತಂದ. ಹಿಂದಿನ ತೆರೆದ ಜಾಗದಲ್ಲಿ ಉಪ್ಪಿನ ಮೂಟೆಗಳಿದ್ದವು. ಪಂಚಾಕ್ಷರಿಯನ್ನು ಅದರ ಮೇಲೆ ಮಲಗಿಸಿದರು. ಅತ್ತ ಕಡೆ ರಾಜಗೋಪಾಲ ನಾಡಿ ಹಿಡಿದ, ಇತ್ತ ಕಡೆ ನಾಗವೇಣಿ ಕೈ ಹಿಡಿದಳು. ಅವಳ ಕಣ್ಣೀರು ಮುಖದ ಮೇಲೆ ಬಿದ್ದಾಗ ಪಂಚಾಕ್ಷರಿಗೆ ನಿಜಕ್ಕೂ ಪಾಪ ಎನಿಸಿತು. ಬಾಯಿಬಿಟ್ಟು ಎಲ್ಲ ಹೇಳಿಬಿಡೋಣ ಎಂದು ಎದ್ದು ಕೂರಲು ಹೋದ. ಅಷ್ಟರಲ್ಲಿ ಯೂಟ್ ಹಳ್ಳಕ್ಕೆ ಬಿದ್ದು ಧಡಕ್ಕನೆ ಹಾರಿತು.

ಗುಳುಂ.

ಊರಿನ ಪುಟ್ಟ ಆಸ್ಪತ್ರೆಯಲ್ಲಿ ಒಬ್ಬಳು ದಢೂತಿ ಸಿಸ್ಟರ್ ಬಿ.ಪಿ. ನೋಡಿದಳು. ನಂಬಿಕೆಯಾಗದೆ ಇನ್ನೊಮ್ಮೆ ನೋಡಿದಳು. ಅಲ್ಲಿನ ಡಾಕ್ಟರೂ ಬಂದು ನೋಡಿದ. "ನೂರ ಇಪ್ಪತ್ತು, ಎಂಬತ್ತು. ಇಪ್ಪತ್ತು ವಯಸ್ಸಿನ ಹುಡುಗನ ಹಾಗಿದೆ. ಸ್ಟ್ರೋಕೂ ಇಲ್ಲ, ಏನೂ ಇಲ್ಲ" ಎಂದು ಹೇಳಿ ತನ್ನ ಪಾಡಿಗೆ ಹೋದ.

ಪಂಚಾಕ್ಷರಿ ಮಂಚದ ಮೇಲೆ ನೆಟ್ಟಗೆ ಕೂತ. ಇದು ಬೇರೆಯವರು ತಿದ್ದಿದ ಪೇಪರು! "ಕೇಳಿಸ್ಕೊಂಡ್ಯಾ ವೇಣಿ? ನನಗೇನೂ ಇಲ್ಲ. ಇವನ ಮೆಷಿನ್ನೇ ಕೆಟ್ಟಿದೆ. ನಾಳೆಯಿಂದ ಉಪ್ಪು!"

ನಾಗವೇಣಿ ಕಣ್ಣು ಒರೆಸಿಕೊಂಡಳು. ಮುಖ ಅರಳಿತು. "ದೇವರು ದೊಡ್ಡೋನು! ನನ್ನ ಪಥ್ಯ ಕೆಲಸ ಮಾಡ್ತು ನೋಡ್ರಿ. ಮೂರೇ ತಿಂಗಳಿಗೆ ನೂರ ಎಪ್ಪತ್ತರಿಂದ ನೂರ ಇಪ್ಪತ್ತು! ಇನ್ನು ಜನ್ಮದಲ್ಲಿ ಉಪ್ಪು ಮುಟ್ಟಿಸಲ್ಲ."

ಪಂಚಾಕ್ಷರಿಗೆ ಇನ್ನು ಉಳಿದದ್ದು ಒಂದೇ ದಾರಿ. ಮಾನ ಹೋದರೆ ಹೋಗಲಿ, ಉಪ್ಪು ಬರಲಿ.

"ಪಥ್ಯ ಅಲ್ಲ ಕಣೇ! ಆ ಮೂಗು ತಿಂದೋನು ನಾನೇ! ಅಡಿಕೆ ಗಾತ್ರದ ಉಪ್ಪಿನ ಗಡ್ಡೆ ನುಂಗಿ ಕೂತಿದ್ದೀನಿ. ಆದ್ರೂ ಬಿ.ಪಿ. ಎಷ್ಟು? ನೂರ ಇಪ್ಪತ್ತು! ಇದಕ್ಕಿಂತ ಸಾಕ್ಷಿ ಬೇಕಾ?"

ರಾಜಗೋಪಾಲನ ಬಾಯಿ ತೆರೆದೇ ಇತ್ತು. ನಾಗವೇಣಿ ನಂಬಲೋ ಬೇಡವೋ ಎಂದು ನೋಡುತ್ತಿದ್ದಳು. ಬಾಗಿಲಲ್ಲಿ ನಿಂತಿದ್ದ ಮರ್ವ್ ಮಾತ್ರ, ಏನು ಹೇಳಿದ್ದೆಂದು ಜಯಮಾಲಾಳಿಂದ ಇಂಗ್ಲಿಷಿನಲ್ಲಿ ಕೇಳಿ ತಿಳಿದು, ಹೊಟ್ಟೆ ಹಿಡಿದುಕೊಂಡು ನಗತೊಡಗಿದ.

"ಡಾಕ್, ಅದು ಉಪ್ಪಲ್ಲ ಮೇಟ್! ಉಪ್ಪಿನ ಮೂಗು ಇಟ್ಟರೆ ಬಂದೋರೆಲ್ಲ ನೆಕ್ಕಿ ನೆಕ್ಕಿ ವಾರಕ್ಕೊಂದು ಖಾಲಿ ಮಾಡ್ತಾರೆ. ಅದಕ್ಕೇ ಹೋದ ತಿಂಗಳು ಪ್ಲಾಸ್ಟರಿನ ಮೂಗು ಮಾಡಿಸಿ, ಮೇಲೆ ಒಂದು ಚಿಟಿಕೆ ಉಪ್ಪು ಉದುರಿಸಿ ಅಂಟಿಸಿದ್ದೆ!"

"ಪ್ಲಾಸ್ಟರ್?" ಎಂದಳು ನಾಗವೇಣಿ. ಅವಳ ದನಿ ಹತ್ತಿಯಷ್ಟು ಮೆತ್ತಗಿತ್ತು. ಪಂಚಾಕ್ಷರಿಗೆ ಭಯವಾದದ್ದೇ ಅದಕ್ಕೆ. "ಹಾಗಾದ್ರೆ ಉಪ್ಪೇ ಹೋಗಿಲ್ಲ ಹೊಟ್ಟೆಗೆ. ಪಥ್ಯವೇ ಕೆಲಸ ಮಾಡಿದ್ದು. ಅಲ್ವೇನ್ರೀ?"

"ಮೆಷಿನ್ ಚೆನ್ನಾಗೇ ಇದೆ" ಎಂದ ರಾಜಗೋಪಾಲ.

ಪ್ಲಾಸ್ಟರ್ ಎಂಬ ಮಾತು ಸಿಸ್ಟರಿನ ಕಿವಿಗೂ ಬಿದ್ದಿತ್ತು. ಅವಳು ಬೀರುವಿನಿಂದ ಹರಳೆಣ್ಣೆಯ ಬಾಟಲಿ ತೆಗೆದು, ದೊಡ್ಡ ಚಮಚದ ಸಮೇತ ನಾಗವೇಣಿಯ ಕೈಗೆ ಕೊಟ್ಟಳು. "ಒಳಗೆ ಹೋಗಿದ್ದು ಹೊರಗೆ ಬರಬೇಕಲ್ಲ."

ಪಂಚಾಕ್ಷರಿ ತುಟಿ ಬಿಗಿದು ಗೋಡೆಗೆ ಮುಖ ತಿರುಗಿಸಿದ. ಇರುವೆಯೂ ನುಗ್ಗದಷ್ಟು ಭದ್ರವಾಗಿ ಬಾಯಿ ಮುಚ್ಚಿಕೊಂಡ. ನಾಗವೇಣಿ ಗದರಿದಳು, ರಾಜಗೋಪಾಲ ಬುದ್ಧಿ ಹೇಳಿದ, ಜಯಮಾಲಾ ಮಗುವಿಗೆ ಹೇಳುವಂತೆ "ಆ ಮಾಡಿ ಪಂಚಣ್ಣ" ಎಂದಳು. ಬಾಯಿ ತೆರೆಯಲಿಲ್ಲ.

ಅಷ್ಟರಲ್ಲಿ ಮರ್ವ್ ಹತ್ತಿರ ಬಂದು ಅವನ ಮುಖವನ್ನು ಅತ್ತ ಇತ್ತ ತಿರುಗಿಸಿ ನೋಡಿದ. "ನಾಳೆ ಒಂದು ಬಸ್ ತುಂಬ ಟೂರಿಸ್ಟ್ ಬರ್ತಾರೆ. ಅಜ್ಜನ್ನ ಮೂಗಿಲ್ಲದೆ ಕೂರಿಸೋಕಾಗುತ್ತಾ? ಡಾಕ್, ನಿನ್ನ ಮೂಗು ಥೇಟ್ ನಮ್ಮಜ್ಜಂದೇ. ತಿಂದ ಮೂಗಿಗೆ ಮೂಗು ಕೊಟ್ಟುಬಿಡು. ಸಿಸ್ಟರ್, ಇವನ ಮೂಗಿನ ಅಚ್ಚು ತೆಗೆಯೋಕೆ ಕೈಕಾಲು ಮುರಿದೋರಿಗೆ ಹಾಕೋ ಪ್ಲಾಸ್ಟರ್ ಸ್ವಲ್ಪ ಇದೆಯಾ?"

ಇತ್ತು. ರಾಜಗೋಪಾಲ ತಲೆ ಹಿಡಿದುಕೊಂಡ, ಸಿಸ್ಟರ್ ತಣ್ಣನೆಯ ಬಿಳಿ ಮುದ್ದೆಯನ್ನು ಪಂಚಾಕ್ಷರಿಯ ಮೂಗಿನ ತುಂಬ ಮೆತ್ತಿದಳು. "ಐದು ನಿಮಿಷ ಅಲ್ಲಾಡಬೇಡ ಮೇಟ್" ಎಂದ ಮರ್ವ್.

ಉಸಿರಿಲ್ಲದೆ ಮನುಷ್ಯ ಎಷ್ಟು ಹೊತ್ತು ಇರಬಲ್ಲ ಎಂಬುದು ಅರಿವಳಿಕೆ ಕೊಡುವ ಡಾಕ್ಟರಿಗೆ ಚೆನ್ನಾಗಿ ಗೊತ್ತು. ಪಂಚಾಕ್ಷರಿ ಮನಸ್ಸಿನಲ್ಲೇ ಎಣಿಸಿದ. ಮೂವತ್ತು. ನಲವತ್ತು. ಐವತ್ತು. ಮೂಗು ಹಿಡಿದರೆ ಬಾಯಿ ತಾನಾಗಿ ತೆರೆಯುತ್ತದೆ ಎಂಬ ಗಾದೆಯನ್ನು ನಾಗವೇಣಿಯೂ ಕೇಳಿದ್ದಳು. ಚಮಚ ತುಂಬಿಕೊಂಡು ಪಕ್ಕದಲ್ಲೇ ಕಾಯುತ್ತಿದ್ದಳು.

ಅರವತ್ತಕ್ಕೆ ಬಾಯಿ ತೆರೆಯಿತು.

ಹರಳೆಣ್ಣೆಯಲ್ಲೂ ಉಪ್ಪಿರಲಿಲ್ಲ.