ಹನ್ನೊಂದು ಮಂದಿ ವಿಜ್ಞಾನಿಗಳಿಗೆ ಹನ್ನೊಂದು ತಾರೀಕು

ನಮ್ಮ ಚಿಕ್ಕಮ್ಮನಷ್ಟು ಶಿಸ್ತಾಗಿ ಸುಳ್ಳು ಹೇಳುವವರನ್ನು ನಾನು ನೋಡಿಲ್ಲ. ಮಂಡ್ಯದ ಹತ್ತಿರದ ಒಂದು ಕೃಷಿ ಸಂಶೋಧನಾ ಕೇಂದ್ರದ ಆಡಳಿತ ಕಚೇರಿಯಲ್ಲಿ ಅವಳಿಗೆ ಕೆಲಸ ಸಿಕ್ಕಿದ್ದೂ ಈ ವಿದ್ಯೆಯಿಂದಲೇ ಎಂಬುದು ನನ್ನ ವಾದ. ನೆಂಟರು ಒಪ್ಪುವುದಿಲ್ಲ. ಮಳವಳ್ಳಿಯ ದೊಡ್ಡ ಮಾವನ ಪ್ರಕಾರ, "ಯಾರೋ ದೊಡ್ಡೋರು ಫೋನ್ ಮಾಡವ್ರೆ." ಯಾರು? ಹೆಸರಿಲ್ಲ. ಅತ್ತೆಯ ಪ್ರಕಾರ ಅದು ಚಿಕ್ಕರಸಿನಕೆರೆಯ ದೇವರಿಗೆ ಹೊತ್ತ ಹರಕೆಯ ಫಲ. ಅದೇ ದೇವರಿಗೆ ಕೈಮುಗಿದು ಚರ್ಚಾಸ್ಪರ್ಧೆಗೆ ಹೋದ ನಾನು ಮೊದಲ ಸುತ್ತಿನಲ್ಲೇ ಸೋತು ಬಂದೆನಲ್ಲ, ಅದಕ್ಕೇನು ಹೇಳುತ್ತೀರಿ ಎಂದು ಕೇಳಿದೆ. "ನಿಂಗೆ ಭಕ್ತಿ ಇರ್ನಿಲ್ಲ, ಬುಡು" ಎಂದರು. ಇದಕ್ಕೆ ಮರುವಾದ ಹೂಡುವವರು ಇನ್ನೂ ಹುಟ್ಟಿಲ್ಲ!

ವಿಷಯ ಇಷ್ಟು. ಚಿಕ್ಕಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಮದ್ದೂರಿನ ಬಾಡಿಗೆ ಮನೆಯಲ್ಲಿ ಚಿಕ್ಕಮ್ಮ ಒಬ್ಬಳೇ ಇದ್ದಳು. ಮಾವ ತಂಗಿಗೆ ಗಡುವು ಕೊಟ್ಟಿದ್ದ: "ಯುಗಾದಿ ಒಳಗೆ ಏನಾರ ಕೆಲ್ಸ ಸಿಕ್ಕುದ್ರೆ ಸರಿ. ಇಲ್ದಿದ್ರೆ ಮನೆ ಖಾಲಿ ಮಾಡ್ಕೊಂಡು ನಮ್ಮಲ್ಗೆ ಬಂದ್ಬುಡು. ನಿಮ್ಮತ್ಗೆಗೂ ಅಡ್ಗೆಗೆ ಒಂದು ಕೈ ಆಯ್ತದೆ." ಮಾವ ಕೆಟ್ಟವನಲ್ಲ. ಆದರೆ ಆ ಮನೆಯ ಅಡುಗೆಕೋಣೆಯ ಒಳಗೆ ಹೋಗಿ ಹೊರಗೆ ಬಂದ ಹೆಂಗಸನ್ನು ನಾನಂತೂ ಕಂಡಿಲ್ಲ.

ನಲವತ್ತಾರರ ಚಿಕ್ಕಮ್ಮ ಬಿ.ಎ. ಓದಿದ್ದಳು, ಕಂಪ್ಯೂಟರಿನಲ್ಲಿ ಟೈಪು ಮಾಡುತ್ತಿದ್ದಳು, ಕಚೇರಿಯ ಮುಖ ಕಂಡಿರಲಿಲ್ಲ. ಅವಳು ಮಾಡುತ್ತಿದ್ದುದು ನೆಂಟರ ಮನೆಗಳ ಬೀಗರೂಟದ ಉಸ್ತುವಾರಿ. ನಮ್ಮ ಕಡೆ ಮದುವೆಗಿಂತ ಮದುವೆಯ ನಂತರದ ಈ ಬಾಡೂಟವೇ ದೊಡ್ಡದು. ಯಾರನ್ನು ಮೊದಲು ಕರೆದರು, ಯಾರನ್ನು ಮನೆಗೆ ಹೋಗಿ ಕರೆದರು, ಯಾರಿಗೆ ಬರೀ ಫೋನು ಮಾಡಿದರು ಎಂಬುದರ ಮೇಲೆ ಮೂರು ತಲೆಮಾರು ಮಾತು ಬಿಟ್ಟವರಿದ್ದಾರೆ. ಕರೆಯುವ ಆ ಪಟ್ಟಿ ಚಿಕ್ಕಮ್ಮನ ಕೈಯಲ್ಲಿರುತ್ತಿತ್ತು. ಮುಹೂರ್ತಕ್ಕೂ ಅಷ್ಟೇ, ಒಬ್ಬೊಬ್ಬರಿಗೆ ಒಂದೊಂದು ಗಂಟೆ ಹೇಳುತ್ತಿದ್ದಳು. ಎರಡು ಗಂಟೆ ತಡವಾಗಿ ಬರುವ ಮಾವನಿಗೆ ಎರಡು ಗಂಟೆ ಮುಂಚೆ, ಮಂಡ್ಯದವರಿಗೆ ಮುಕ್ಕಾಲು ಗಂಟೆ ಮುಂಚೆ. ಎಲ್ಲರೂ ತಡವಾಗಿ ಬಂದು ಸರಿಯಾದ ಹೊತ್ತಿಗೆ ಸೇರುತ್ತಿದ್ದರು! ಬೀಗರೂಟಕ್ಕೆ ಮಾತ್ರ ಈ ಲೆಕ್ಕ ಬೇಕಿರಲಿಲ್ಲ. ಅಲ್ಲಿಗೆ ಎಲ್ಲರೂ ಒಲೆ ಹಚ್ಚುವ ಮೊದಲೇ ಹಾಜರು.

ಸಂದರ್ಶನಕ್ಕೆ ಅವಳ ಜೊತೆ ಹೋದವಳು ನಾನೇ. ಹೊರಗೆ ಬೆಂಚಿನ ಮೇಲೆ ಕೂತಿದ್ದೆ, ಬಾಗಿಲು ಅರ್ಧ ತೆರೆದಿತ್ತು. ಹೀಗಾಗಿ ಇದು ನಾನೇ ಕೇಳಿದ್ದು, ಕೇಳಿಸಿಕೊಂಡವರು ಹೇಳಿದ್ದಲ್ಲ.

"ಸಂಶೋಧನಾ ಆಡಳಿತದ ಬಗ್ಗೆ ಏನು ಗೊತ್ತಮ್ಮ?" ಎಂದರು ಕೇಂದ್ರದ ಮುಖ್ಯಸ್ಥರು.

"ಏನೂ ಗೊತ್ತಿಲ್ಲ ಸಾರ್. ಅದ್ರಲ್ಲಿ ಕಷ್ಟ ಯಾವ್ದು ಅಂತ ಯೋಳಿ."

ಪಾಪ, ಅವರಿಗೆ ಯಾರೂ ಇದನ್ನು ಕೇಳಿರಲಿಲ್ಲವೇನೋ, ಮನಸ್ಸು ಬಿಚ್ಚಿದರು. ಹನ್ನೊಂದು ಜನ ವಿಜ್ಞಾನಿಗಳು. ಯಾರೂ ಹೇಳಿದ ದಿನಕ್ಕೆ ಕಾಗದ ಕೊಡುವುದಿಲ್ಲ. ಅನುದಾನದ ಅರ್ಜಿಗೆ ಎಲ್ಲರ ಸಹಿ ಬೇಕು. ಭತ್ತದ ವಿಜ್ಞಾನಿಗೂ ಕಬ್ಬಿನ ವಿಜ್ಞಾನಿಗೂ ಮಾತುಕತೆ ಇಲ್ಲ, ಒಬ್ಬರು ಸಹಿ ಹಾಕಿದ ಹಾಳೆಯನ್ನು ಇನ್ನೊಬ್ಬರು ಮುಟ್ಟುವುದಿಲ್ಲ.

"ಇಷ್ಟೇಯಾ? ಇದು ಬೀಗ್ರೂಟ ಸಾರ್!"

ಒಳಗೆ ಯಾರೋ ನಕ್ಕರು. "ಸರಿ, ಮಾತು ಬಿಟ್ಟಿರೋ ಇಬ್ಬರನ್ನ ಹೇಗೆ ಕರೀತೀರಿ?"

"ಒಬ್ರ ಹತ್ರ ಓಗಿ, ನಿಮ್ಮನ್ನೇ ಮೊದ್ಲು ಕೇಳ್ತಿರೋದು ಅಂತೀನಿ."

"ಇನ್ನೊಬ್ಬರಿಗೆ?"

"ಅದನ್ನೇ."

ಮೂರು ತಿಂಗಳು ಪರೀಕ್ಷೆಯ ಮೇಲೆ ಇಟ್ಟುಕೊಂಡರು. ಮೂರನೇ ತಿಂಗಳು ಮುಗಿಯುವುದೂ ಯುಗಾದಿಯೂ ಹೆಚ್ಚುಕಡಿಮೆ ಒಂದೇ ವಾರ.

ಮೊದಲ ಅರ್ಜಿ ಕಬ್ಬಿನ ಸುಳಿ ಕೊರೆಯುವ ಹುಳುವಿನದು. ಚಿಕ್ಕಮ್ಮ ಹನ್ನೊಂದು ಮಂದಿಗೂ ಹನ್ನೊಂದು ಕೊನೆಯ ದಿನ ಹೇಳಿದಳು. ಸಹಿ ಹಾಳೆಯನ್ನು ಭತ್ತದವರಿಗೊಂದು, ಕಬ್ಬಿನವರಿಗೊಂದು ಎಂದು ಎರಡು ಪ್ರತಿ ಮಾಡಿದಳು, ಎರಡರಲ್ಲೂ ಮೊದಲ ಜಾಗ ಖಾಲಿ! ಎಲ್ಲ ಸರಿಹೋಗುತ್ತಿತ್ತು. ಆದರೆ ಅರ್ಜಿಯಲ್ಲಿ ತಂಡದವರ ಹೆಸರು ಬರೆಯುವ ಪುಟವನ್ನು ಅವಳು ಲಗ್ನಪತ್ರಿಕೆಯ ಕ್ರಮದಲ್ಲಿ ಟೈಪು ಮಾಡಿದ್ದಳು. ಮೇಲೆ, ಆ ಹುಳುವಿನ ಕೆಲಸ ಶುರುಮಾಡಿ ತೀರಿಕೊಂಡಿದ್ದ ಹಿರಿಯ ವಿಜ್ಞಾನಿ, 'ದಿವಂಗತ' ಸಮೇತ. ನಂತರ ಉಳಿದವರು, ಹುದ್ದೆ ನೋಡದೆ ವಯಸ್ಸಿನ ಪ್ರಕಾರ. ಕೊನೆಯಲ್ಲಿ, ಗದ್ದೆಗೆ ನೀರು ಕಟ್ಟುವ ಆಳು, ಮನೆಯವನ ಹಾಗೆ.

ಭತ್ತದವರು ಇದನ್ನು ನೋಡಿ ಕೆಂಡವಾಗಿ ಕ್ಯಾಂಟೀನಿಗೆ ಹೋದರು. ಅಲ್ಲಿ ಕಬ್ಬಿನವರೂ ಇದೇ ಕಾರಣಕ್ಕೆ ಕೆಂಡವಾಗಿ ಕೂತಿದ್ದರು. ಎಷ್ಟೋ ವರ್ಷದ ಮೇಲೆ ಒಬ್ಬರನ್ನೊಬ್ಬರು ಕೇಳಿದ ಮೊದಲ ಪ್ರಶ್ನೆ: "ನಿಮಗೆ ಯಾವ ತಾರೀಕು ಹೇಳಿದ್ದಳು?" ಸಂಜೆಯೊಳಗೆ ಚಿಕ್ಕಮ್ಮನನ್ನು ತೆಗೆದುಹಾಕಬೇಕೆಂಬ ದೂರು ಮುಖ್ಯಸ್ಥರ ಮೇಜಿನ ಮೇಲಿತ್ತು. ಇಬ್ಬರದೂ ಸಹಿ, ಒಂದೇ ಹಾಳೆಯಲ್ಲಿ!

ಮುಖ್ಯಸ್ಥರು ಕರೆಸಿದರು. "ಅರ್ಜಿ ಎಲ್ಲಮ್ಮ?"

"ಸಹಿ ಎಲ್ಲಾ ಮೊದ್ಲೇ ಆಗಿತ್ತು, ಹೆಸರಿನ ಪುಟ ತಿದ್ದಿ ಕಳಿಸ್ದೆ ಸಾರ್. ಕೊನೇ ದಿನ ನಾಳಿದ್ದು."

ಅವರು ದೂರಿನ ಎರಡು ಸಹಿಗಳನ್ನು ತುಂಬ ಹೊತ್ತು ನೋಡಿದರಂತೆ. "ಇದನ್ನ ಫೈಲಲ್ಲಿ ಜೋಪಾನವಾಗಿಡಿ" ಎಂದರಂತೆ. ಯುಗಾದಿಗೆ ನಾಲ್ಕು ದಿನ ಮೊದಲು ಕೆಲಸ ಮುಂದುವರಿಸಿದ ಆದೇಶ ಬಂತು. ಮಾವನಿಗೆ ಫೋನು ಮಾಡಿ ಚಿಕ್ಕಮ್ಮ ಹೇಳಿದ್ದು ಒಂದೇ ಮಾತು: "ಹಬ್ಬಕ್ಕೆ ನೀವೇ ನಮ್ಮನೆಗೆ ಬನ್ನಿ ಕಣಣ್ಣ. ಒಂಬತ್ತು ಗಂಟೆಗೆಲ್ಲಾ ಊಟ." ಮಾವ ಹನ್ನೊಂದಕ್ಕೆ ಬಂದ. ಒಬ್ಬಟ್ಟು ಆಗತಾನೇ ಬೇಯುತ್ತಿತ್ತು.

ಇಲ್ಲಿಗೆ ನನ್ನ ವಾದ ಗೆದ್ದಂತೆ. ಆದರೆ ಪುರಾವೆ ಕೇಳುವವಳು ತನ್ನ ಕೈಯಲ್ಲಿರುವ ಪುರಾವೆಯನ್ನು ಮುಚ್ಚಿಡಬಾರದು. ಆ ಕೆಲಸಕ್ಕೆ ಅರ್ಜಿ ತುಂಬಿದವಳು ನಾನು, ಮದ್ದೂರಿನ ಮನೆಯಲ್ಲಿ, ನನ್ನ ಲ್ಯಾಪ್‌ಟಾಪಿನಲ್ಲಿ. 'ಹಿಂದಿನ ಅನುಭವ' ಎಂಬ ಕಡೆ ನಾನು ಒಂದು ಕ್ಷಣವೂ ಯೋಚಿಸದೆ 'ಇಲ್ಲ' ಎಂದು ಟೈಪು ಮಾಡಿದೆ. ನನ್ನಕ್ಕನ ಬೀಗರೂಟ ಮುಗಿದು ಆಗ ಒಂಬತ್ತು ದಿನವಾಗಿತ್ತು. ಆ ಓಡಾಟದಲ್ಲಿ ಬಂದಿದ್ದ ಚಿಕ್ಕಮ್ಮನ ಕಾಲಿನ ಊತ ಇನ್ನೂ ಇಳಿದಿರಲಿಲ್ಲ. ಅವಳು ನನ್ನ ಹಿಂದೆ ನಿಂತು, ಕನ್ನಡಕ ಸರಿಮಾಡಿಕೊಂಡು ಅದನ್ನು ಓದಿದಳು. "ಸರಿಯಾಗಿ ಬರ್ದಿದ್ದೀಯ ಕಣಮ್ಮಿ" ಎಂದು ನನ್ನ ತಲೆ ಸವರಿ ಒಳಗೆ ಹೋದಳು.

ಚಿಕ್ಕಮ್ಮ, ಎಲ್ಲರಿಗೂ ಒಂದೊಂದು ಸುಳ್ಳು ಹೇಳುವವಳು ನೀನು. ಅವತ್ತು ನನಗೂ ಒಂದು ಹೇಳಿದೆಯಾ? ಅಥವಾ ನಾನು ಬರೆದ ಆ 'ಇಲ್ಲ'ವನ್ನು ನೀನೂ ನಂಬಿಬಿಟ್ಟಿದ್ದೆಯಾ?