ಸರಸಳ ಮದುವೆಯೂ ಕೊನೆಯ ಬಸ್ಸೂ

ಬಂಟ್ವಾಳದ ಬಸ್ ಏಜೆಂಟ್ ಕಮಲಾಕ್ಷ ಶೆಟ್ಟರು ಜಗಲಿಯಲ್ಲಿ ನಿಂತು ಘೋಷಿಸಿಯೇಬಿಟ್ಟರು: "ಮಗಳ ಮದುವೆ ನಾನೊಬ್ಬನೇ ನಿಂತು ಮಾಡಿಸ್ತೇನೆ. ಮಧ್ಯಾಹ್ನ ಧಾರೆ, ಆಮೇಲೆ ಊಟ. ಸಂಜೆಯ ಕೊನೆಯ ಬಸ್ಸಿಗೆ ಗಂಡಿನ ಕಡೆಯವರನ್ನು ಹತ್ತಿಸಿ ಸೀಟಿ ಊದಿದರೆ ಮುಗಿಯಿತು. ಯಾರೂ ಅಳುವ ಹಾಗಿಲ್ಲ."

ಶೆಟ್ಟರು ಅಂಥವರೇ. ತಮ್ಮ ಸೀಟಿ ಕೇಳದೆ ಬಂಟ್ವಾಳದಿಂದ ಒಂದು ಬಸ್ಸೂ ಅಲುಗುವುದಿಲ್ಲ ಎಂಬುದು ಅವರ ಹೆಮ್ಮೆ. ಉಣ್ಣುವಾಗಲೂ ಒಂದು ಕಣ್ಣು ಬಟ್ಟಲಿನ ಮೇಲಿದ್ದರೆ ಇನ್ನೊಂದು ಜೇಬುಗಡಿಯಾರದ ಮೇಲೆ. ಹೆಂಡತಿ ಜಲಜಾಕ್ಷಿ ಏನಾದರೂ ಹೇಳಲು ಶುರುಮಾಡಿದರೆ ಮಾತು ನಡುವಿಗೆ ಬರುವಷ್ಟರಲ್ಲಿ ಬೆಳ್ತಂಗಡಿ ಬಸ್ಸು ಬಂದುಬಿಡುತ್ತಿತ್ತು. ಶೆಟ್ಟರು ಕೈ ತೊಳೆದು ಓಡುತ್ತಿದ್ದರು.

ಆದರೆ ಈ ಮದುವೆಯ ಸಂಗತಿ ಬೇರೆ. ಮದುಮಗಳು ಸರಸ ಮೂರು ವರ್ಷದ ಮಗುವಾಗಿದ್ದಾಗಲೇ ಜ್ವರ ಬಂದು ತೀರಿಹೋಗಿದ್ದಳು. ಇದ್ದಿದ್ದರೆ ಈಗ ಮದುವೆಯ ಪ್ರಾಯ. ನಮ್ಮ ತುಳುನಾಡಿನಲ್ಲಿ ಸತ್ತ ಮಕ್ಕಳೂ ಬೆಳೆಯುತ್ತಾರೆ. ಪ್ರಾಯಕ್ಕೆ ಬಂದಾಗ ಅವರ ಹಾಗೆಯೇ ತೀರಿಹೋದವರ ಜೊತೆ ಸಂಬಂಧ ನೋಡಿ ಲಗ್ನ ಮಾಡಿಸಬೇಕು. ನಮ್ಮ ಜಿಲ್ಲೆ ಮದ್ರಾಸು ಬಿಟ್ಟು ಮೈಸೂರಿಗೆ ಸೇರಿದ ಮರುವರ್ಷ, ಜಲಜಾಕ್ಷಿಯ ಕನಸಿನಲ್ಲಿ ಮಗಳು ಬಂದು ಹೊಸ್ತಿಲ ಹೊರಗೆ ನಿಲ್ಲತೊಡಗಿದಳು.

"ಒಬ್ಬಳೇ ನಿಲ್ತಾಳೆ. ಒಳಗೆ ಬಾ ಅಂದ್ರೆ ಬರುವುದಿಲ್ಲ," ಎಂದು ಜಲಜಾಕ್ಷಿ ಕಣ್ಣೊರೆಸಿಕೊಂಡರು. "ಅವಳಿಗೊಂದು ಜೊತೆ ಆದರೆ ಸಾಕು. ನನಗೆ ಬೇರೆ ಏನೂ ಬೇಡ."

"ಆಯ್ತು ಮಾರಾಯ್ತಿ, ಮಾಡಿ ಮುಗಿಸುವ," ಎಂದರು ಶೆಟ್ಟರು.

ಮುಗಿಸುವುದೆಂದರೆ ಅವರಿಗೆ ಪ್ರಾಣ. ಸರಸ ಹೋದಂದಿನಿಂದ ಅವಳ ಹೆಸರನ್ನು ಅವರು ಬಾಯಲ್ಲಿ ಎತ್ತಿದ್ದೇ ಇಲ್ಲ. ಹೋದ ಬಸ್ಸಿನ ಹಿಂದೆ ನೋಡುತ್ತ ನಿಲ್ಲಬಾರದು, ಬರುವ ಬಸ್ಸನ್ನು ನೋಡಬೇಕು ಎಂಬುದು ಅವರ ವೇದಾಂತ. ಈ ವೇದಾಂತವನ್ನು ಜಲಜಾಕ್ಷಿ ಎಷ್ಟೋ ಸಲ ಕೇಳಿದ್ದರು, ಒಮ್ಮೆಯೂ ನಂಬಿರಲಿಲ್ಲ.

ಗಂಡು ಸಿಕ್ಕಿದ್ದು ಮೂಡಬಿದಿರೆಯ ಹತ್ತಿರ ಪುತ್ತಿಗೆಯಲ್ಲಿ. ಚಿನ್ನಯ್ಯ ಹೆಗ್ಡೆಯವರ ಮಗ ಸುಧಾಕರ, ಐದರ ಪ್ರಾಯದಲ್ಲಿ ಸಿಡುಬಿಗೆ ಹೋದವನು. ಶೆಟ್ಟರು ಬಸ್ಸಿನಲ್ಲಿ ಹೋಗಿ, ಅದೇ ಬಸ್ಸು ತಿರುಗಿ ಬರುವುದರೊಳಗೆ ಸಂಬಂಧ ಕುದುರಿಸಿದರು. ಹೆಣ್ಣಿನ ತಂದೆಯ ಗತ್ತನ್ನೇನೂ ಬಿಡಲಿಲ್ಲ.

"ಹುಡುಗನ ಗುಣ ಹೇಗೆ?" ಎಂದು ಕೇಳಿದರು.

ಹೆಗ್ಡೆಯವರು ಸ್ವಲ್ಪ ಯೋಚಿಸಿ, "ಗುಣ ಒಳ್ಳೆಯದೇ. ಸ್ನಾನಕ್ಕೆ ಕರೆದರೆ ಮಾತ್ರ ದನದ ಹಟ್ಟಿಗೆ ಹೋಗಿ ಅಡಗ್ತಾನೆ," ಎಂದರು.

"ಅದು ಮದುವೆ ಆದ ಮೇಲೆ ಸರಿಯಾಗ್ತದೆ," ಎಂದುಬಿಟ್ಟರು ಶೆಟ್ಟರು. ಇಬ್ಬರೂ ತಲೆಯಾಡಿಸಿದರು.

ಮನೆಗೆ ಬಂದದ್ದೇ ಜಲಜಾಕ್ಷಿ ಕೇಳಿದರು, "ಬರಿ ಯಾವುದು ಅಂತ ವಿಚಾರಿಸಿದಿರಾ?"

ಬರಿ ಎಂದರೆ ತಾಯಿಯಿಂದ ಮಕ್ಕಳಿಗೆ ಇಳಿದು ಬರುವ ಕುಲದ ಹೆಸರು, ಗೋತ್ರದ ಹಾಗೆ. ಒಂದೇ ಬರಿಯವರು ಒಡಹುಟ್ಟಿದವರ ಲೆಕ್ಕ. ಅವರೊಳಗೆ ಮದುವೆ ಇಲ್ಲ. ಬಂಟರ ಮನೆಯಲ್ಲಿ ಸಂಬಂಧದ ಮಾತು ಬಂದರೆ ಮೊದಲು ಕೇಳುವುದೇ ಅದನ್ನು. ಶೆಟ್ಟರು ಕೇಳಲು ಬಾಯಿ ತೆರೆದಿದ್ದರು. ಅಷ್ಟರಲ್ಲಿ ಬಸ್ಸಿನ ಹಾರ್ನ್ ಕೇಳಿಸಿತ್ತು. ಹೆಗ್ಡೆಯವರೋ, ಇಷ್ಟು ಗಡಿಬಿಡಿಯ ಮನುಷ್ಯ ಎಲ್ಲ ವಿಚಾರಿಸಿಯೇ ಬಂದಿರಬೇಕು ಎಂದುಕೊಂಡು ಸುಮ್ಮನಾಗಿದ್ದರು.

"ಎಲ್ಲ ಸರಿ ಉಂಟು, ನೀನು ತಲೆ ಹಾಕಬೇಡ," ಎಂದರು ನಮ್ಮ ಏಜೆಂಟರು.

ಬಳೆ ತರಲು ಪಾಣೆಮಂಗಳೂರಿಗೂ ಅವರೇ ಹೋದರು. ಬಳೆ ಮಾರುವ ಜೈನಬಮ್ಮ, "ಕೈ ಅಳತೆ ಎಷ್ಟು?" ಎಂದು ಕೇಳಿದರು.

ಜಿಲ್ಲೆಯ ಬಸ್ಸುಗಳ ಹೊತ್ತನ್ನೆಲ್ಲ ನಿದ್ದೆಯಲ್ಲೂ ಹೇಳಬಲ್ಲ ಶೆಟ್ಟರು ಗರಬಡಿದವರಂತೆ ನಿಂತರು. ಮದುವೆಯ ಪ್ರಾಯದ ಸರಸಳ ಕೈ ಎಷ್ಟು ದಪ್ಪ? ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದ ಕೈ ಒಂದೇ. ಅವರ ಹೆಬ್ಬೆರಳೂ ತೋರುಬೆರಳೂ ತಾವಾಗಿಯೇ ಕೂಡಿ ಒಂದು ಸಣ್ಣ ಉಂಗುರ ಮಾಡಿ ತೋರಿಸಿದವು.

"ಇದು ಸಣ್ಣ ಮಗುವಿನ ಅಳತೆ ಅಲ್ವಾ? ಯಾರಿಗೆ?"

"ಮಗಳಿಗೆ. ಮದುವೆ."

ಜೈನಬಮ್ಮ ಅವರ ಮುಖ ನೋಡಿದರು. ಮತ್ತೇನೂ ಕೇಳದೆ ಹಸಿರು ಬಳೆಗಳನ್ನು ಕಾಗದದಲ್ಲಿ ಸುತ್ತಿ ಕೊಟ್ಟರು. ಆ ಪೊಟ್ಟಣವನ್ನು ಶೆಟ್ಟರು ಹೆಂಡತಿಗೂ ಬಿಚ್ಚಿ ತೋರಿಸಲಿಲ್ಲ.

ಮದುವೆಯ ದಿನ ಬಂತು. ಒಳಕೋಣೆಯಲ್ಲಿ ಎರಡು ಮಣೆ ಹಾಕಿ, ಒಂದರ ಮೇಲೆ ಧೋತ್ರ ಶಲ್ಯ, ಇನ್ನೊಂದರ ಮೇಲೆ ಕೆಂಪು ಸೀರೆ ಇಟ್ಟದ್ದಾಯಿತು. ಹೆಗ್ಡೆಯವರೂ ಅವರ ಹೆಂಡತಿ ಪ್ರಫುಲ್ಲಾ ಅವರೂ ಬಂದಿಳಿದರು. ಶೆಟ್ಟರು ಗಡಿಯಾರ ಹಿಡಿದು, "ಬೇಗ ಬೇಗ," ಎಂದು ಮನೆಯನ್ನೇ ಬಸ್ ಸ್ಟಾಂಡ್ ಮಾಡಿದರು.

ಅಡುಗೆಮನೆಯಲ್ಲಿ ಇಬ್ಬರು ತಾಯಂದಿರೂ ಪಾಯಸಕ್ಕೆ ಕಾಯಿ ತುರಿಯಲು ಕೂತರು. ಊರು, ಮನೆ, ತವರು ಎಂದು ಮಾತು ಹೋಗುತ್ತ ಹೋಗುತ್ತ ಹೋಗಬಾರದಲ್ಲಿಗೆ ಹೋಯಿತು. ಜಲಜಾಕ್ಷಿ ಕಾಯಿತುರಿ ಮೆತ್ತಿದ ಕೈಯಲ್ಲೇ ಜಗಲಿಗೆ ಬಂದರು, ಹಿಂದೆಯೇ ಪ್ರಫುಲ್ಲಾ.

"ನನ್ನ ಬರಿ ಬಂಗರನ್ನಾಯ. ಇವರದ್ದೂ ಬಂಗರನ್ನಾಯ. ಅಣ್ಣನಿಗೆ ತಂಗಿಯನ್ನು ಕೊಡ್ಲಿಕ್ಕೆ ಹೊರಟಿದ್ದೀರಿ ನೀವು."

ಹೆಗ್ಡೆಯವರು ಬಾಯಲ್ಲಿದ್ದ ಎಲೆಯಡಿಕೆ ನುಂಗಿಯೇಬಿಟ್ಟರು. "ಶೆಟ್ರೇ, ನೀವು ಕೇಳಿರಲಿಲ್ವಾ?"

"ಬಸ್ಸು ಬಂತಲ್ಲ ಮಾರಾಯ್ರೆ."

"ಬಸ್ಸು ಮರುದಿವಸವೂ ಬರ್ತಿತ್ತು."

ಜಲಜಾಕ್ಷಿ ಬಾಗಿಲಿಗೆ ಒರಗಿ ಕುಸಿದು ಕೂತರು. "ಪುನಃ ಒಬ್ಬಳೇ ಆದಳು ನನ್ನ ಮಗು," ಎಂದು ಅಳತೊಡಗಿದರು. ಎದೆ ಹಿಂಡುವ ಅಳು ಅದು. ಶೆಟ್ಟರು ಗಾಬರಿಯಲ್ಲಿ ಗಡಿಯಾರ ತೆಗೆದು, "ಅಳಬೇಡ. ಬೇರೆ ಗಂಡು ನೋಡುವ. ನಾಳೆಯೇ ಬೆಳ್ತಂಗಡಿಗೆ ಹೋಗಿ..." ಎಂದು ಶುರುಮಾಡಿದರು.

"ನೀವು ಒಮ್ಮೆ ಕೂತ್ಕೊಳ್ಳಿ," ಎಂದರು ಜಲಜಾಕ್ಷಿ.

ಶೆಟ್ಟರು ಕೂತರು. ಕೂತ ರಭಸಕ್ಕೆ ಜೇಬಿನಲ್ಲಿದ್ದ ಪೊಟ್ಟಣ ಜಾರಿ ಬಿದ್ದು ಕಾಗದ ಬಿಚ್ಚಿತು. ಮಗುವಿನ ಕೈಯಷ್ಟೇ ಅಗಲದ ಹಸಿರು ಬಳೆಗಳು ಸಿಮೆಂಟಿನ ಮೇಲೆ ಉರುಳಿದವು. ಜಲಜಾಕ್ಷಿಯ ಅಳು ಅರ್ಧಕ್ಕೇ ನಿಂತಿತು. ಗಂಡನನ್ನು ಹೊಸಬರನ್ನು ನೋಡುವ ಹಾಗೆ ನೋಡಿದರು.

ಪ್ರಫುಲ್ಲಾ ಬಾಗಿ ಒಂದು ಬಳೆ ಎತ್ತಿಕೊಂಡರು. ತುಂಬ ಹೊತ್ತು ಅದನ್ನೇ ತಿರುಗಿಸಿ ನೋಡಿ ಹೇಳಿದರು, "ಇಷ್ಟು ಸಣ್ಣ ಕೈಯ ಕೂಸಿಗೆ ಗಂಡ ಯಾಕೆ ಅಕ್ಕ? ಅಣ್ಣ ಸಿಕ್ಕಿದ್ದಾನಲ್ಲ. ಆಡ್ಲಿ."

ಒಳಗೆ ಹೋಗಿ ಸೀರೆಯನ್ನೂ ಧೋತ್ರವನ್ನೂ ಅವರೇ ಮಡಚಿ ತೆಗೆದರು. ಜಲಜಾಕ್ಷಿ ಎರಡು ಮಣೆಗಳನ್ನು ಒತ್ತಿಗೆ ಎಳೆದು, ಬಳೆಗಳನ್ನು ಇಟ್ಟು, ಎರಡು ಎಲೆ ಹಾಕಿ ಅನ್ನ, ಪಾಯಸ ಬಡಿಸಿದರು. ಸತ್ತವರಿಗೆ ಬಡಿಸಿದ ಮೇಲೆ ಬಾಗಿಲು ಮುಚ್ಚಿ ಹೊರಗೆ ಕಾಯುವುದು ಕ್ರಮ. ನಾಲ್ವರೂ ಜಗಲಿಯಲ್ಲಿ ಕೂತರು. ಕಾಯುತ್ತ ಕೂತಾಗ ಸುಧಾಕರ ಹಟ್ಟಿಯಲ್ಲಿ ಅಡಗುತ್ತಿದ್ದ ಕತೆ ಇನ್ನೊಮ್ಮೆ ಬಂತು. ಅದನ್ನು ಕೇಳಿ ಜಲಜಾಕ್ಷಿ ಅಳುತ್ತಲೇ ನಕ್ಕರು.

ಹೊತ್ತು ಇಳಿಯಿತು. ಸ್ಟಾಂಡಿನಿಂದ ಹಾರ್ನ್ ಕೇಳಿಸಿತು. ಕೊನೆಯ ಬಸ್ಸು, ಏಜೆಂಟರ ಸೀಟಿಗೆ ಕಾದು ನಿಂತಿತ್ತು. ಮತ್ತೊಮ್ಮೆ ಹಾರ್ನ್. ಆಮೇಲೆ ಕಂಡಕ್ಟರ್ ತುಕ್ರಪ್ಪನೇ ಅಂಗಳಕ್ಕೆ ಓಡಿಬಂದ.

"ಶೆಟ್ರೇ, ಹೊತ್ತಾಯ್ತು. ಜನ ಬೈತಾ ಇದ್ದಾರೆ."

ಹೆಗ್ಡೆಯವರು ಏಳಹೋದರು. ಜಲಜಾಕ್ಷಿ ಗಂಡನ ಕಡೆ ತಿರುಗಿ, "ಬಾಗಿಲು ತೆರೆಯುವುದಾ? ಉಂಡಾಗಿರಬಹುದು," ಎಂದರು.

ಯಾರೂ ಅಳುವ ಹಾಗಿಲ್ಲ ಎಂದು ಘೋಷಿಸಿದ್ದ ಕಮಲಾಕ್ಷ ಶೆಟ್ಟರ ಗಡ್ಡವೆಲ್ಲ ಒದ್ದೆಯಾಗಿತ್ತು. ಕೊರಳಿನಿಂದ ಸೀಟಿ ತೆಗೆದು ತುಕ್ರಪ್ಪನ ಕೈಗೆ ಕೊಟ್ಟರು.

"ನೀನೇ ಊದು, ಹೋಗು. ಇವರು ನಾಳೆಯ ಬಸ್ಸಿಗೆ ಹೋಗ್ತಾರೆ," ಎಂದರು. ಆಮೇಲೆ ಹೆಂಡತಿಗೆ ಮಾತ್ರ ಕೇಳುವ ಹಾಗೆ, "ಈಗಲೇ ತೆರೀಬೇಡ. ಸರಸ ಅನ್ನ ಕೆನ್ನೆಯಲ್ಲಿಟ್ಟುಕೊಂಡು ಕೂತುಬಿಡ್ತಾಳೆ. ಅವಳದ್ದು ನಿಧಾನ," ಎಂದರು.